ಮುಟ್ಟಿ ನೋಡಿ

ಫೆಬ್ರವರಿ 3, ಸೋಮವಾರ

ಮತ್ತೆ ಒಂದು ಆನ್‌ಲೈನ್ ಕೋರ್ಸಿಗೆ ಹೆಸರು ಕೊಟ್ಟೆ. ಆರು ವಾರ, ಪ್ರತಿ ಮಂಗಳವಾರ ಸಂಜೆ. ಸಣ್ಣ ಮ್ಯೂಸಿಯಮ್‌ಗಳ ನೆಟ್‌ವರ್ಕ್‌ನವರು ನಡೆಸುವುದು. ಫ್ರೀ. ‘ಹಳೆಯ ಸಂಗ್ರಹಗಳ ಆರೈಕೆ’ ಅಂತೆ. ನಮ್ಮ ಯಜಮಾನರು ನೋಡಿ ನಕ್ಕರು. “ಗೋಡೆ ಮೇಲೆ ಜಾಗ ಮುಗೀತು ಕಣೇ. ಈ ಸರ್ಟಿಫಿಕೇಟನ್ನ ಸೂರಿಗೇ ಹೊಡೀಬೇಕು.”

ನಗಲಿ, ನನಗೇನು. ಮೂರು ಕೋಣೆಯ ಮ್ಯೂಸಿಯಮ್‌ನಲ್ಲಿ ಕ್ಯುರೇಟರ್ ಅಂದರೆ ಗೈಡೂ ನಾನೇ, ಕಸ ಹೊಡೆಯುವವಳೂ ನಾನೇ. ಸತ್ತ ಮೇಲೆ ಚರ್ಮಕ್ಕೆ ಹತ್ತಿ ತುಂಬಿ ಸ್ಟಫ್ ಮಾಡಿದ ಇನ್ನೂರು ಪ್ರಾಣಿ, ಪಕ್ಷಿಗಳ ಜೊತೆ ದಿನವಿಡೀ ಕೂತವಳಿಗೆ ಮಾತಾಡೋ ಮನುಷ್ಯರು ಸಿಗುವುದು ಈ ಸ್ಕ್ರೀನಿನಲ್ಲೇ. ಕಳೆದ ವರ್ಷದ ಕೋರ್ಸೇನು ದಂಡವಾಯಿತಾ? “ಮಕ್ಕಳನ್ನು ಗಾಜಿನ ಆಚೆ ನಿಲ್ಲಿಸಬೇಡಿ” ಎಂದಿದ್ದರು. ಅಳಿಲು, ಮುಂಗುಸಿ, ಗೂಬೆ ಬೀರುವಿನಿಂದ ಇಳಿದವು, ‘ಮುಟ್ಟಿ ನೋಡಿ’ ಟೇಬಲ್ ಹುಟ್ಟಿತು. ಉಳಿದ ದಿನ ಟೇಬಲ್ಲಿಗೆ ಬಟ್ಟೆ ಮುಚ್ಚಿರುತ್ತೇನೆ, ಶನಿವಾರ ಬಂದರೆ ಮಕ್ಕಳ ಸಂತೆ. ಡೈರೆಕ್ಟರ್ ಕೂಡ ಹಲ್ಲು ಕಾಣುವ ಹಾಗೆ ನಗುತ್ತಾರೆ.

ಪಿಟೀಲು ಬೆಳಿಗ್ಗೆ ಮತ್ತೆ ಹೊಟ್ಟೆನೋವು ಎಂದಳು. ನಾಲ್ಕು ವರ್ಷದ ಮಗಳಿಗೆ ಅಪ್ಪ ಇಟ್ಟ ಹೆಸರು ಅದು. ಅಳಲು ಶುರುಮಾಡಿದರೆ ಬೀದಿ ಕೊನೆಗೂ ಕೇಳಬೇಕು. “ಶಾಲೆಗೆ ಹೋಗೋ ಹೊತ್ತಿಗೇ ಯಾಕೆ ಬರುತ್ತೆ ಈ ನೋವು?” ಅತ್ತೆ ಕೇಳಿದರು. ನನಗೂ ಹಾಗೇ ಅನಿಸಿತು. ಎತ್ತಿಕೊಂಡು ಹೋಗಿ ಬಿಟ್ಟು ಬಂದೆ.

ಫೆಬ್ರವರಿ 4, ಮಂಗಳವಾರ

ಮೊದಲ ಕ್ಲಾಸು ಮುಗಿಯಿತು. ಹದಿನೈದು ಜನ. ಯಾರ ಹೆಸರೂ ನಾಲಿಗೆಗೆ ಹತ್ತಲಿಲ್ಲ. ಗಡಿಯಾರದ ಮ್ಯೂಸಿಯಮ್‌ನವರು ಗಡಿಯಾರದವರು, ಬೊಂಬೆ ಮ್ಯೂಸಿಯಮ್ ನೋಡಿಕೊಳ್ಳುವವರು ಬೊಂಬೆಯಮ್ಮ. ನಾನು ಅಳಿಲಿನವಳು! ಬೊಂಬೆಯಮ್ಮನದು ನನ್ನದೇ ಕಥೆ. ಒಬ್ಬರೇ ಕೆಲಸದವರು, ಸೋರುವ ಮಾಡು, ಕಿವಿ ಕೇಳಿಸದ ಮೇಲಿನವರು. ಕ್ಲಾಸು ಮುಗಿದ ಮೇಲೂ ಅರ್ಧ ಗಂಟೆ ಹರಟಿದೆವು. ಎಷ್ಟೋ ದಿನದ ಮೇಲೆ ಮನಸ್ಸು ಹಗುರಾಯಿತು.

ಪಿಟೀಲು ಪೂರ್ತಿ ಹೊತ್ತು ತೊಡೆಯ ಮೇಲೆ. ಎಲ್ಲರಿಗೂ ಟಾಟಾ ಮಾಡಿದ್ದೇ ಮಾಡಿದ್ದು.

ಫೆಬ್ರವರಿ 15, ಶನಿವಾರ

ಎರಡನೇ ಕ್ಲಾಸಲ್ಲಿ ಹೋಮ್‌ವರ್ಕ್ ಕೊಟ್ಟಿದ್ದರು: ದಿನನಿತ್ಯದ ಕೆಲಸದ ಮೂರು ನಿಮಿಷದ ವಿಡಿಯೋ. ಇವತ್ತು ಶೂಟಿಂಗ್. ಫೋನನ್ನು ಡಬ್ಬಗಳ ಮೇಲೆ ನಿಲ್ಲಿಸಿ, ಗೂಬೆಯ ರೆಕ್ಕೆ ಬ್ರಷ್ಷಿನಿಂದ ಶುಚಿ ಮಾಡಿದೆ. ಶಾಲೆ ರಜೆ, ಅತ್ತೆಗೆ ಮಂಡಿನೋವು, ಹಾಗಾಗಿ ಪಿಟೀಲೂ ಶಾಲೆಯ ಚೀಲ ಹೆಗಲಿಗೇರಿಸಿಕೊಂಡು ಜೊತೆಯಲ್ಲೇ. ಎಲ್ಲ ಶನಿವಾರವೂ ಅಷ್ಟೇ. ಅಳಿಲು ಕೈಗೆ ಕೊಟ್ಟರೆ ಎರಡು ಗಂಟೆ ಸದ್ದಿಲ್ಲ. ವಿಡಿಯೋದ ಮೂಲೆಯಲ್ಲಿ ಅವಳೂ ಬಂದಿದ್ದಾಳೆ, ಅಳಿಲನ್ನು ಕೆನ್ನೆಗೊತ್ತಿಕೊಂಡು ಹೆಬ್ಬೆರಳು ಚೀಪುತ್ತ... ಮುದ್ದಾಗಿದೆ. ಕತ್ತರಿಸಲು ಮನಸ್ಸು ಬರಲಿಲ್ಲ, ಹಾಗೇ ಅಪ್‌ಲೋಡ್ ಮಾಡಿದೆ.

ಫೆಬ್ರವರಿ 18, ಮಂಗಳವಾರ, ರಾತ್ರಿ ಎಂಟು

ಆದದ್ದು ಆದ ಹಾಗೆ ಬರೆಯುತ್ತೇನೆ.

ಪಾಠ ಮಾಡುವ ಮೇಡಂ ಒಬ್ಬೊಬ್ಬರದೇ ವಿಡಿಯೋ ಹಾಕಿದರು. ಮೂರನೆಯದು ನನ್ನದು. ಅರ್ಧಕ್ಕೇ ನಿಲ್ಲಿಸಿದರು.

“ಆ ಮಗು ಯಾರದು?”

“ನನ್ನದೇ ಮೇಡಂ.” ನಗುತ್ತಲೇ ಹೇಳಿದೆ.

“ಕೈಯಲ್ಲಿರೋದು ಎಷ್ಟು ಹಳೇದು?”

“ನೂರು ವರ್ಷ ಆಗಿರಬೇಕು. ಆದರೂ ಒಂದು ಹುಳ ಬಿದ್ದಿಲ್ಲ ನೋಡಿ!”

ಹೆಮ್ಮೆಯಿಂದ ಹೇಳಿದೆ ಅದನ್ನು. ಯಾರೂ ನಗಲಿಲ್ಲ. ಮೇಡಂ ಕನ್ನಡಕ ತೆಗೆದರು. “ಹುಳ ಯಾಕೆ ಬಿದ್ದಿಲ್ಲ ಅಂತ ಯಾವತ್ತಾದರೂ ಯೋಚನೆ ಮಾಡಿದ್ದೀರಾ?”

ಆ ಕಾಲದಲ್ಲಿ ಚರ್ಮಕ್ಕೆ ಆರ್ಸೆನಿಕ್ ಸವರುತ್ತಿದ್ದರಂತೆ. ಆರ್ಸೆನಿಕ್ ಅಂದರೆ ಪಾಷಾಣ. ವಾಸನೆ ಇಲ್ಲ, ರುಚಿ ಇಲ್ಲ. ವರ್ಷ ಕಳೆದ ಹಾಗೆ ಧೂಳಾಗಿ ಕೂದಲಿನ ಮೇಲೆ ಬಂದು ಕೂರುತ್ತದಂತೆ. ಇವತ್ತಿನ ಪಾಠವೇ ಅದು. ಪಾಠ ಶುರುವಾಗುವ ಮೊದಲೇ ನನ್ನ ಮಗಳು ಉದಾಹರಣೆಯಾದಳು.

ನಾನು ಕೈಗವಸು ಹಾಕುತ್ತೇನೆ. ಯಾವಾಗಲೂ. ನನ್ನ ಕೈಬೆವರು ಪ್ರಾಣಿಗಳಿಗೆ ತಾಗಿ ಹಾಳಾಗಬಾರದು ಎಂದು! ಮಗಳಿಗೆ ಮಾತ್ರ ಬರಿಗೈಯಲ್ಲಿ ಕೊಟ್ಟೆ. ಊರ ಮಕ್ಕಳಿಗೂ ಕೊಟ್ಟೆ. ಕರೆದು ಕರೆದು ಕೊಟ್ಟೆ.

ಬೊಂಬೆಯಮ್ಮ ಮೆಸೇಜ್ ಹಾಕಿದ್ದರು. “ಮಗೂಗೆ ಹೊಟ್ಟೆನೋವು, ವಾಂತಿ ಏನಾದರೂ ಇದೆಯೇನಮ್ಮಾ?” ಎರಡು ಸಲ ಓದಿದೆ. ಎರಡು ತಿಂಗಳಿಂದ ಹೊಟ್ಟೆನೋವು ಎನ್ನುತ್ತಿದ್ದಾಳೆ. ಎರಡು ತಿಂಗಳಿಂದ ಗದರಿಸಿ ಶಾಲೆಗೆ ಕಳಿಸುತ್ತಿದ್ದೇನೆ.

ಫೆಬ್ರವರಿ 19, ಬುಧವಾರ

ಬೆಳಿಗ್ಗೆಯೇ ಮಕ್ಕಳ ಡಾಕ್ಟರ ಹತ್ತಿರ ಓಡಿದೆವು. ಆರ್ಸೆನಿಕ್ ಎಂದಾಗ ಮೊದಲು ನಂಬಲಿಲ್ಲ. ವಿಡಿಯೋ ತೋರಿಸಿದೆ. ಪೆನ್ನು ತೆಗೆದು ಟೆಸ್ಟ್ ಬರೆದರು. ನನ್ನ, ಮಗಳ ಇಬ್ಬರ ಮೂತ್ರವೂ ದೊಡ್ಡ ಲ್ಯಾಬಿಗೆ ಹೋಗಿದೆ. ಹತ್ತು ದಿನ ಬೇಕಂತೆ. ಹತ್ತು ದಿನ!

ಅಲ್ಲಿಂದ ಡೈರೆಕ್ಟರ್ ಹತ್ತಿರ. “ಐವತ್ತು ವರ್ಷದಿಂದ ಇದೆ ಈ ಮ್ಯೂಸಿಯಂ, ಯಾರು ಸತ್ತಿದ್ದಾರೆ ಹೇಳಿ?” ಎಂದರು. “ರಿಪೋರ್ಟ್ ಬರೋವರೆಗೆ ಬಾಯಿಗೆ ಬೀಗ ಹಾಕ್ಕೊಂಡಿರಿ. ಬಾಗಿಲಿಗೆ ‘ದುರಸ್ತಿ’ ಅಂತ ಬೋರ್ಡ್ ಹಾಕೋಣ.”

ಹೊರಗೆ ಬಂದು ನಾನೇ ಬೋರ್ಡ್ ಬರೆದೆ. ದುರಸ್ತಿ ಎಂದು ಬರೆಯಲಿಲ್ಲ. ಟೇಬಲ್ ಮೇಲಿನ ಪ್ರಾಣಿಗಳಲ್ಲಿ ವಿಷ ಇರಬಹುದು, ಮುಟ್ಟಿದ ಮಕ್ಕಳನ್ನು ಡಾಕ್ಟರಿಗೆ ತೋರಿಸಿ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ. ಮಧ್ಯಾಹ್ನದ ಹೊತ್ತಿಗೆ ರಜೆ ಮೇಲೆ ಹೋಗಿ ಎಂದು ಫೋನ್ ಬಂತು. ಟೇಬಲ್ ಖಾಲಿ ಮಾಡಲು ಹೊರಗಿನಿಂದ ಮುಖಕ್ಕೆ ಮಾಸ್ಕ್ ಹಾಕಿದವರು ಬರುತ್ತಾರಂತೆ. ಬರಲಿ. ನಾನು ಇನ್ನು ಆ ಬಾಗಿಲು ತುಳಿಯುವುದಿಲ್ಲ.

ಫೆಬ್ರವರಿ 23, ಭಾನುವಾರ

ಪಿಟೀಲು ಉಣ್ಣುವಾಗ ನೋಡುತ್ತೇನೆ. ಮಲಗಿದಾಗ ನೋಡುತ್ತೇನೆ. ಉಗುರು, ನಾಲಿಗೆ, ಅಂಗೈ. ಇಂಟರ್‌ನೆಟ್‌ನಲ್ಲಿ ಓದಬಾರದ್ದನ್ನೆಲ್ಲ ಓದಿದೆ. ಇವರು ಫೋನ್ ಕಿತ್ತಿಟ್ಟರು. ಇವರ ಮುಖವೂ ಬಿಳಿಚಿಕೊಂಡಿದೆ. ಸರ್ಟಿಫಿಕೇಟಿನ ಜೋಕು ಈಗಿಲ್ಲ. ಅತ್ತೆ ಮಾತ್ರ ಒಮ್ಮೆ ಬಾಯಿಬಿಟ್ಟರು. “ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ಹೋಗಲಿ ಬಿಡು, ನಿನ್ನನ್ನ ಅಂದು ಏನು ಬಂತು.” ಆಮೇಲೆ ಅವರೇ ನನ್ನ ತಟ್ಟೆಗೆ ಬಡಿಸಿ, ಉಣ್ಣು ಎಂದು ಎದುರಿಗೇ ಕೂತರು.

ಕ್ಲಾಸಿನವರು ದಿನಾ ವಿಚಾರಿಸುತ್ತಾರೆ. ಮುಖ ನೋಡಿದ್ದು ಮೂರು ಮಂಗಳವಾರ, ಅಷ್ಟೇ. ಒಡಹುಟ್ಟಿದವರೂ ಇಷ್ಟು ಕೇಳಲಿಲ್ಲ.

ಮಾರ್ಚ್ 1, ಶನಿವಾರ

ರಿಪೋರ್ಟ್ ಬಂತು.

ನನ್ನದು ಅಪಾಯದ ಗೆರೆ ದಾಟಿಲ್ಲ. ಅವಳದು ದಾಟಿದೆ.

ಏನಿದ್ದರೂ ನನಗಿರಲಿ ಎಂದು ಹತ್ತು ದಿನವೂ ಬೇಡಿಕೊಂಡಿದ್ದೆ. ಡಾಕ್ಟರು ಮೇಜಿನ ಮೇಲೆ ನೀರಿನ ಲೋಟ ಸರಿಸಿದರು. “ಗಾಬರಿ ಬೇಡಮ್ಮ. ಅಷ್ಟೊಂದು ಜಾಸ್ತಿ ಇಲ್ಲ. ಅದರ ಹತ್ತಿರ ಹೋಗೋದು ನಿಂತ್ರೆ ಕೆಲವೇ ದಿನದಲ್ಲಿ ಮೈಯಿಂದ ಹೊರಟುಹೋಗುತ್ತೆ. ಸೋಮವಾರ ಇನ್ನೊಂದು ಸಲ ಟೆಸ್ಟ್ ಮಾಡೋಣ, ಇಳಿದಿರುತ್ತೆ ನೋಡಿ. ಈ ಸಲ ಬೇಗ ತರಿಸ್ತೀನಿ.”

ಹೋಗುವುದು ನಿಂತು ಎರಡು ವಾರವಾಯಿತು. ಇಳಿದೇ ಇಳಿಯುತ್ತದೆ. ದಾರಿಯುದ್ದಕ್ಕೂ ಇವರು ನನ್ನ ಕೈ ಬಿಡಲಿಲ್ಲ. ರಾತ್ರಿ ಎರಡು ತುತ್ತು ಉಂಡೆ.

ಮಾರ್ಚ್ 4, ಮಂಗಳವಾರ

ಕ್ಲಾಸಿಗೆ ಹೋದೆ. ಇನ್ನು ಮುಖ ತೋರಿಸಬಾರದು ಅಂದುಕೊಂಡಿದ್ದೆ, ಬೊಂಬೆಯಮ್ಮ ಬಿಡಲಿಲ್ಲ. ಎಲ್ಲರೂ ತಮ್ಮ ತಮ್ಮ ಬೀರು ತೆಗೆದು ನೋಡಿದ್ದಾರೆ. ಗಡಿಯಾರದವರ ಅಟ್ಟದಲ್ಲಿ ಯಾರಿಗೂ ನೆನಪಿಲ್ಲದ, ಸ್ಟಫ್ ಮಾಡಿದ ಎರಡು ನವಿಲು ಸಿಕ್ಕಿವೆಯಂತೆ. ಮೇಡಂ ನನಗೆ ಥ್ಯಾಂಕ್ಸ್ ಹೇಳಿದರು. ಮಗಳನ್ನು ಕೊಟ್ಟು ಕಲಿಸಿದ ಪಾಠಕ್ಕೆ ಥ್ಯಾಂಕ್ಸು...

ಮಾರ್ಚ್ 10, ಸೋಮವಾರ

ಇಳಿದಿಲ್ಲ.

ಏರಿದೆ.

ಡಾಕ್ಟರು ಈ ಸಲ ಗಾಬರಿ ಬೇಡ ಎನ್ನಲಿಲ್ಲ. ಬಾಗಿಲು ಹಾಕಿ ಕೇಳಿದರು. “ಮ್ಯೂಸಿಯಮ್ಮಿಗೆ ಹೋಗ್ತಿಲ್ಲ ಅನ್ನೋದು ನಿಜ ತಾನೆ?”

“ನನ್ನಾಣೆ ಡಾಕ್ಟ್ರೇ. ಹೊಸಲು ದಾಟಿಲ್ಲ.”

“ಹಾಗಾದರೆ ಮಗೂಗೆ ಅದು ಸಿಗ್ತಿರೋದು ನಿಮ್ಮ ಮನೇಲೇ.”

ಮನೆಗೆ ಬಂದು ಬಾಗಿಲಲ್ಲೇ ನಿಂತೆ. ಯಾವುದನ್ನು ಮುಟ್ಟಲಿ, ಯಾವುದನ್ನು ಬಿಡಲಿ? ನೀರೇ? ಹಾಲೇ? ಗೋಡೆಯ ಬಣ್ಣವೇ? ಪಿಟೀಲು ಹತ್ತಿರ ಬಂದಳು, ಎತ್ತಿಕೊಳ್ಳಲು ಹೆದರಿದೆ. ನಾನೇ ತಂದಿರಬಹುದು. ಕೂದಲಲ್ಲಿ, ಸೀರೆಯ ನೆರಿಗೆಯಲ್ಲಿ, ಚೀಲದಲ್ಲಿ. ಎಷ್ಟು ವರ್ಷದಿಂದ ಹೊತ್ತು ತರುತ್ತಿದ್ದೇನೋ. ಕೆಲಸದ ಬಟ್ಟೆಯನ್ನೆಲ್ಲ ಕಟ್ಟಿ ಹೊರಗಿಟ್ಟೆವು. ಹಾಸಿಗೆಯ ಹೊದಿಕೆ ಎಲ್ಲ ಕುದಿನೀರಿಗೆ. ಅವಳಿಗೆ ಎರಡು ಸಲ ತಲೆಸ್ನಾನ. ಕಿರುಚಿ ಕಿರುಚಿ ಸುಸ್ತಾಗಿ ಮಲಗಿದಳು.

ಬೊಂಬೆಯಮ್ಮನಿಗೆ ಫೋನ್ ಮಾಡಿದೆ. ಅವರ ಹತ್ತಿರ ಟೆಸ್ಟ್ ಕಿಟ್ ಇದೆಯಂತೆ. ಹತ್ತಿಯಿಂದ ಒರೆಸಿ, ಸೀಸೆಯಲ್ಲಿ ಹಾಕಿ, ಬಾಯಿಗೆ ಕಾಗದದ ಪಟ್ಟಿ ಸಿಕ್ಕಿಸಿ ಕಾಯಬೇಕು. ವಿಷ ಇದ್ದರೆ ಪಟ್ಟಿ ಹಳದಿ, ಜಾಸ್ತಿ ಇದ್ದರೆ ಕಂದು. “ಕೊರಿಯರ್ ನಂಬೋಲ್ಲ ನಾನು. ನಾಳೆ ಬಸ್ ಹತ್ತಿ ನಾನೇ ತರ್ತೀನಿ” ಎಂದರು. ಏಳು ಗಂಟೆಯ ದಾರಿ. ಅಳು ಬಂತು, ಅತ್ತುಬಿಟ್ಟೆ.

ಮಾರ್ಚ್ 11, ಮಂಗಳವಾರ

ಬೊಂಬೆಯಮ್ಮ ಸ್ಕ್ರೀನಿನಲ್ಲಿ ಕಾಣುವುದಕ್ಕಿಂತ ಕುಳ್ಳಗಿದ್ದಾರೆ. ಬಂದವರೇ ಕೈಗವಸು ಹಾಕಿ ಕೆಲಸಕ್ಕೆ ಇಳಿದರು. ಚಹಾ ಕೂಡ ಬೇಡವೆಂದರು.

ನಲ್ಲಿ ನೀರಿಗೆ ಪಟ್ಟಿ ಬಿಳಿ. ನನ್ನ ಕೆಲಸದ ಕೋಟು ತಿಳಿ ಹಳದಿ, ಕಂಡೂ ಕಾಣದ ಹಾಗೆ. ಸೋಫಾ ಬಿಳಿ. ಅಡುಗೆಮನೆ ಬಿಳಿ. ಒಂದೊಂದು ಸೀಸೆಯ ಮುಂದೂ ಮೂವರೂ ಪಟ್ಟಿಯನ್ನೇ ನೋಡುತ್ತ ಕೂರುತ್ತಿದ್ದೆವು. ಅತ್ತೆ ಬಾಗಿಲ ಹತ್ತಿರ ನಿಂತು ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು.

ಕೊನೆಗೆ ಪಿಟೀಲಿನ ಶಾಲೆಯ ಚೀಲ. ಪಟ್ಟಿ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತು. ಚೀಲ ಮ್ಯೂಸಿಯಮ್ಮಿಗೆ ಬಂದಿತ್ತಲ್ಲ, ಅದಕ್ಕೇ ಇರಬೇಕು ಎಂದರು ಇವರು. ಬೊಂಬೆಯಮ್ಮ ಅಷ್ಟರಲ್ಲೇ ಪಿಟೀಲಿನ ಮಂಚದ ಕಡೆ ನಡೆದರು. ಹೊದಿಕೆ ಕುದಿಸಿದ್ದೆವು, ಅದು ಬಿಳಿ. ಮಂಚದ ಕೆಳಗೆ, ಗೋಡೆಯ ಮೂಲೆಯಲ್ಲಿ ಒರೆಸಿದರು.

ಕಂದು. ನೋಡನೋಡುತ್ತಲೇ ಕಂದು.

ಮಾರ್ಚ್ 12, ಬುಧವಾರ, ಮಧ್ಯಾಹ್ನ

ನಿನ್ನೆ ಬರೆಯಲಾಗಲಿಲ್ಲ.

ಮಂಚದ ಕೆಳಗೆ ಹಳೆಯ ಆಟಿಕೆಗಳ ಪೆಟ್ಟಿಗೆ. ಅದರ ತಳದಲ್ಲಿ ನನ್ನ ಹಳೆಯ ದುಪಟ್ಟಾ. ದುಪಟ್ಟಾದೊಳಗೆ ಅಳಿಲು. ಪಕ್ಕದಲ್ಲಿ ಬೊಂಬೆ ಚಮಚ, ಒಂದು ತುಂಡು ಬಿಸ್ಕತ್ತು. ದಿನಾ ಅವಳು ಅರ್ಧ ತಿಂದು ಅದಕ್ಕೆ ಅರ್ಧ ತಿನ್ನಿಸುತ್ತಿದ್ದಳು. ಆ ಉಳಿದರ್ಧವನ್ನೂ ಆಮೇಲೆ ಅವಳೇ ತಿನ್ನುತ್ತಿದ್ದಳು.

ವಿಡಿಯೋ ಮಾಡಿದ ಶನಿವಾರವೇ ಚೀಲದಲ್ಲಿ ಹಾಕಿಕೊಂಡು ಬಂದಿದ್ದಾಳೆ. ಟೇಬಲ್ ಖಾಲಿ ಮಾಡಿದವರು ಯಾರೋ. ಒಂದು ಕಡಿಮೆ ಇದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಬಟ್ಟೆ ಸರಿಸುವಾಗ ನಾನಿದ್ದಿದ್ದರೆ ಮೊದಲ ನೋಟಕ್ಕೇ ತಿಳಿಯುತ್ತಿತ್ತು. ಶಪಥ ಮಾಡಿ ಮನೆಯಲ್ಲಿ ಕೂತೆ.

ಇದನ್ನ ಯಾಕೆ ತಂದ್ಯೇ ಪುಟ್ಟಾ ಎಂದು ಕೇಳಿದೆ. ಬೈಯಲಿಲ್ಲ. ನೆಲದ ಮೇಲೆ ಅವಳ ಎದುರಿಗೆ ಕೂತು ಕೇಳಿದೆ.

“ನಿನ್ನ ಕ್ಲಾಸಲ್ಲಿ ಆಂಟಿ ತೋರಿಸಿದ್ರಲ್ಲ. ಎಲ್ಲಾರನ್ನೂ ಕವರೊಳಗೆ ಹಾಕಿ ಬಾಯಿ ಕಟ್ಟಿ ಫ್ರಿಜ್ಜಲ್ಲಿ ಇಟ್ರಲ್ಲ. ಇದಕ್ಕೆ ಉಸಿರು ಕಟ್ಟಲ್ವಾ?”

ಎರಡನೇ ಕ್ಲಾಸು. ಹುಳ ಸಾಯಿಸಲು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಣ್ಣಗಿಡುವುದನ್ನು ತೋರಿಸಿದ್ದರು. ನಾನು ನೋಟ್ಸ್ ಬರೆಯುತ್ತಿದ್ದೆ. ತೊಡೆಯ ಮೇಲಿದ್ದವಳು ಇದನ್ನು ಕಲಿತಿದ್ದಾಳೆ.

ಇವರು ಅಳಿಲನ್ನು ಎರಡು ಕವರಿನಲ್ಲಿ ಹಾಕಿದರು. ಬೊಂಬೆಯಮ್ಮ ಬಾಯಿ ಬಿಗಿದು ಟೇಪ್ ಸುತ್ತಿದರು. ಪಿಟೀಲನ್ನು ಒಳಗೆ ಕರೆದುಕೊಂಡು ಹೋಗಬೇಕು ಎಂದು ನಮಗ್ಯಾರಿಗೂ ಹೊಳೆಯಲಿಲ್ಲ. ನಿಂತು ನೋಡಿದಳು. ಅದನ್ನು ಹೊರಗೆ ಒಯ್ದ ಮೇಲೂ ಬಾಗಿಲನ್ನೇ ನೋಡುತ್ತಿದ್ದಳು.

ಡಾಕ್ಟರಿಗೆ ಫೋನ್ ಮಾಡಿದೆವು. ಮೂಲ ಸಿಕ್ಕಿತಲ್ಲ, ಇನ್ನು ಇಳಿಯಲೇಬೇಕು ಎಂದರು. ಒಂದು ವಾರ ಬಿಟ್ಟು ಮತ್ತೆ ಟೆಸ್ಟ್. ಇಳಿಯದಿದ್ದರೆ ಆಸ್ಪತ್ರೆಗೆ ಸೇರಿಸಿ ಔಷಧ ಕೊಡಬೇಕಾಗುತ್ತದೆ. ನಂಬಬೇಕು ಅನಿಸುತ್ತದೆ, ನಂಬಲು ಭಯ. ಕಳೆದ ಸಲವೂ ಇಳಿಯುತ್ತದೆ ಎಂದೇ ಹೇಳಿದ್ದರು.

ನಿನ್ನೆಯಿಂದ ನನ್ನ ಹತ್ತಿರ ಬರುತ್ತಿಲ್ಲ. ಅಜ್ಜಿಯ ಪಕ್ಕದಲ್ಲೇ ಮಲಗಿದಳು. ಬೆಳಿಗ್ಗೆ ಹೊಟ್ಟೆ ನೋಯುತ್ತಾ ಎಂದು ಕೇಳಿದರೆ ಇಲ್ಲ ಎಂದಳು. ಮುಖ ನೋಡಿದರೆ ಗೊತ್ತಾಗುತ್ತದೆ, ನೋಯುತ್ತಿದೆ. ಮುಚ್ಚಿಡುತ್ತಿದ್ದಾಳೆ. ಯಾಕೆ ಎಂದು ತಿಳಿಯಲಿಲ್ಲ. ಈಗ ಸ್ವಲ್ಪ ಹೊತ್ತಿನ ಹಿಂದೆ ಅತ್ತೆ ಬಂದು ಹೇಳಿದರು. ಅವಳು ಅಜ್ಜಿಯ ಕಿವಿಯಲ್ಲಿ ಕೇಳಿದಳಂತೆ: “ಅಳಿಲಲ್ಲಿ ಇರೋದೇ ನನ್ನ ಹೊಟ್ಟೇಲೂ ಇದೆಯಂತೆ. ಅಮ್ಮ ನನಗೂ ಕವರ್ ಹಾಕ್ತಾಳಾ?”

ಕರೆದಿದ್ದೇನೆ. ಬಾಗಿಲಿನ ಹಿಂದೆ ನಿಂತಿದ್ದಾಳೆ. ಕಾಲು ಕಾಣುತ್ತಿದೆ. ಬಾರೇ ಕಂದಾ ಎಂದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾಳೆ.