ಅಪ್ಪನ ಮನಸ್ಸಾಕ್ಷಿ ಚರಗ ಉಂಡದ್ದು

ವಿಜಾಪುರ,
ಸೋಮವಾರ, ೪ ಜನವರಿ ೧೯೬೦

ಪ್ರೀತಿಯ ತಂಗಿ ರಾಹೇಲಾ,

ನಿನ್ನ ಕೆಮ್ಮು ಹೇಗಿದೆ? ಅಂಬಾದಾಸರಿಗೆ ಗಿರಣಿಯಲ್ಲಿ ಹಗಲು ಪಾಳಿ ಸಿಕ್ಕಿತೇ? ಇಲ್ಲಿ ನಿನ್ನ ಅತ್ತಿಗೆಗೆ ನೆಗಡಿ, ನನಗೆ ಸಾಲೆಯ ಪೇಪರು ತಿದ್ದುವ ಗಡಿಬಿಡಿ. (ಪ್ರಾಸ ಬಿಡು ಎಂದು ನೀನು ಗದರಿದ್ದು ಸೊಲ್ಲಾಪುರದಿಂದಲೇ ಕೇಳಿಸಿತು.) ಆರು ವರ್ಷದಿಂದ ನಿನ್ನ ಪ್ರತಿ ಪತ್ರದಲ್ಲೂ ಒಂದೇ ಪ್ರಶ್ನೆ, ‘ಅಪ್ಪ ನಮ್ಮ ಮನಿಗಿ ಯಾವಾಗ ಬರತಾನ?’ ಕ್ರೈಸ್ತ ಸಭೆಯ ಹೊರಗೆ ಮದುವೆಯಾದ ಮಗಳ ಮನೆಯಲ್ಲಿ ನೀರು ಕುಡಿದರೂ ಮನಸ್ಸಾಕ್ಷಿ ಚುಚ್ಚುತ್ತದೆ ಎಂಬ ಅವನ ಉತ್ತರವನ್ನು ಬರೆದು ಬರೆದು ನನ್ನ ಅಕ್ಷರ ದುಂಡಗಾಗಿದೆ. ಈ ಸಲ ಬೇರೆ ಸುದ್ದಿ ಇದೆ.

ಅಪ್ಪನ ಬಾಲ್ಯದ ಗೆಳೆಯ, ಘೋಣಸಗಿಯ ಬಸಗೊಂಡಪ್ಪ ನಿನಗೆ ನೆನಪಿರಬೇಕು. ಪ್ರತಿ ಎಳ್ಳಮಾವಾಸ್ಯೆಗೆ ಹೊಲದ ಊಟಕ್ಕೆ ಕರೆಯುತ್ತಿದ್ದ. ಪೂಜೆ ಮಾಡಿ, ಭೂಮಿತಾಯಿಗೆಂದು ಅಡುಗೆಯ ಚರಗವನ್ನು ಹೊಲದ ತುಂಬ ಚೆಲ್ಲಿ, ಉಳಿದದ್ದನ್ನು ಉಣ್ಣುವುದು ವಿಗ್ರಹದ ಎಡೆ ಉಂಡಂತೆ ಎಂದು ಅಪ್ಪ ನಲವತ್ತು ವರ್ಷ ಒಲ್ಲೆ ಅಂದ. ಈ ಸಲ ಲಕವಾ ಹೊಡೆದು ಕೈಕಾಲು ಸೋತ ಬಸಗೊಂಡಪ್ಪ ತಾನೇ ಚಕ್ಕಡಿಯಲ್ಲಿ ಟಿಕೋಟಾಕ್ಕೆ, ಅಪ್ಪನ ಮನೆಗೆ ಬಂದು, ‘ಲೇ ಯೋಹಾನಾ, ಬರೂ ವರ್ಷ ನಾ ಇರದಿದ್ರ ಯಾರಿಗಿ ಒಲ್ಲೆ ಅಂತಿ?’ ಎಂದನಂತೆ. ಅಪ್ಪ ಹೋದ. ಸಜ್ಜೆ ರೊಟ್ಟಿ, ಪುಂಡಿಪಲ್ಯ ಉಂಡ. ಹೊಟ್ಟೆ ತಣಿಯಿತು, ಮನಸ್ಸು ದಣಿಯಿತು.

ಮರುದಿನ ಮುಂಜಾನೆ ಬಸ್ಸು ಹಿಡಿದು ನಮ್ಮ ಮನೆಗೆ ಬಂದು, ‘ಪಾಪ ಮಾಡೀನಿ, ರವಿವಾರ ಚರ್ಚಿನ್ಯಾಗ ಪ್ರಭುವಿನ ಭೋಜನಕ್ಕ ಬರಂಗಿಲ್ಲ’ ಎಂದು ಕುಳಿತ. ಸಭೆಯ ಹಿರಿಯ, ಹೊಸ ವರ್ಷದ ಮೊದಲ ರವಿವಾರ, ಸಣ್ಣ ಮಾತೇ? ಪಾದ್ರಿಗಳ ಬಳಿಗೆ ಕರೆದೊಯ್ದೆ. ಊಟದಲ್ಲಿ ಪಾಪವಿಲ್ಲವೆಂದು ಬೈಬಲಿನಲ್ಲಿ ಪೌಲನೇ ಹೇಳಿದ್ದಾನೆ ಎಂದರು ಅವರು. ಅಪ್ಪ ಬಿಟ್ಟಾನೆಯೇ, ‘ಪಾಪ ಅಂತ ತಿಳದು ಉಂಡ್ರ ಪಾಪ ಅಂತನೂ ಅವನ ಹೇಳ್ಯಾನ್ರಿ’ ಎಂದ. ಪಾಪವಲ್ಲದ್ದನ್ನು ಪಾಪವೆಂದು ನಂಬಿ ಮಾಡಿದರೆ ಅದೇನು ಎಂಬುದು ನನ್ನ ಬಿ.ಎ. ಪಠ್ಯದಲ್ಲಿರಲಿಲ್ಲ.

ಪಾದ್ರಿಗಳು ಕುರ್ಚಿ ಹತ್ತಿರ ಎಳೆದುಕೊಂಡು, ‘ಉಣ್ಣುವಾಗ ಹ್ಯಾಂಗ ಅನಿಸ್ತು, ಹೇಳ್ರಿ’ ಎಂದು ಕೇಳಿದರು. ಅಪ್ಪ ಹೇಳಿದ್ದು ಹೀಗೆ: ‘ಮೊದಲನೇ ತುತ್ತಿಗೆ ಅಂಜಿದೆ. ಎರಡನೇದಕ್ಕ ಬಸಗೊಂಡನ ಕೈ ನಡಗೂದು ಕಂಡೆ. ಆಮ್ಯಾಲೆ ಪಾಪ ಅನಿಸಲಿಲ್ಲ, ಮನಿಗಿ ಬಂದ ಮ್ಯಾಲೆ ಅನಿಸ್ತು.’ ‘ಹಂಗಾರ ಮೊದಲನೇ ತುತ್ತಿಗೆ ಕ್ಷಮಾ ಕೇಳ್ರಿ. ಅನುಮಾನ ಇಟಗೊಂಡು ಉಂಡದ್ದು ತಪ್ಪು, ಖರೆ. ಆದ್ರ ಮನಸ್ಸಾಕ್ಷಿನೂ ತಪ್ಪು ಕಲತಿರತದ. ಅದರ ಮಾತು ಮೀರೂದೂ ಬ್ಯಾಡ, ಅದಕ್ಕ ಕಲಿಸದ ಬಿಡೂದೂ ಬ್ಯಾಡ’ ಎಂದರು ಪಾದ್ರಿಗಳು. ಅಪ್ಪ ಅಲ್ಲೇ ಮೊಣಕಾಲೂರಿ ಒಂದೇ ತುತ್ತಿಗೆ ಕ್ಷಮೆ ಬೇಡಿದ. ನಿನ್ನೆ ಭೋಜನಕ್ಕೆ ಎಲ್ಲರಿಗಿಂತ ಮುಂದೆ ನಿಂತಿದ್ದ.

ಅಂಬಾದಾಸರಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ಕರ್ತನ ಕೈ ನಿಮ್ಮ ಮನೆಯ ಮೇಲಿರಲಿ.

ನಿನ್ನ ಅಣ್ಣ,
ಸಮುವೇಲ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು. ನಿನ್ನೆ ಆರಾಧನೆ ಮುಗಿದು ಬರುವಾಗ ಅಪ್ಪ ದಾರಿಯಲ್ಲಿ ನಿಂತು, ‘ರಾಹೇಲನ ಮನಿಗಿ ಹೋಗಬ್ಯಾಡ ಅಂದದ್ದು ನನ್ನ ಮನಸ್ಸಾಕ್ಷಿಯೋ, ನನ್ನ ಸಿಟ್ಟೋ?’ ಎಂದು ಕೇಳಿದ. ಅರ್ಧ ಫರ್ಲಾಂಗು ನಡೆದು ತಾನೇ ಅಂದ, ‘ಸಿಟ್ಟೇ.’ ಗುರುವಾರ ಮೊದಲ ಬಸ್ಸಿಗೆ ನಿಮ್ಮಲ್ಲಿಗೆ ಹೊರಡುತ್ತಾನೆ. ನಿಮ್ಮ ಹೊಸ್ತಿಲ ಹೊರಗೆ ಒಂದಿಷ್ಟು ಹೊತ್ತು ನಿಂತಾನು. ಕೈ ಹಿಡಿದು ಎಳೆಯಬೇಡ. ಬಾಗಿಲು ತೆರೆದಿಟ್ಟು ಅಡುಗೆ ಮಾಡುತ್ತಿರು.