ಬೇಡವೆಂದ ಕೈಗಳು

ಅಯೋವಾ, ಗುರುವಾರ

ಶ್ರೀಮತಿ ಹಾಸ್ಕೆಲ್ ಅವರಿಗೆ,

ಕಿವುಡ ಮಕ್ಕಳಿಗೆ ಸನ್ನೆಭಾಷೆ ಬಿಡಿಸಿ ಬಾಯಿಮಾತಿನಲ್ಲೇ ಪಾಠ ಮಾಡಬೇಕೆನ್ನುವ ಮಸೂದೆಗೆ ನಮ್ಮ ಪೋಷಕ-ಶಿಕ್ಷಕರ ಸಂಘದ ಬೆಂಬಲವಿದೆ ಎಂದು ನಿನ್ನೆಯ ಸಭೆಯಲ್ಲಿ ಅಧ್ಯಕ್ಷೆಯಾಗಿ ಸಾರಿದಿರಿ.

"ಬೇಡ ಅನ್ನೋರು ಜೋರಾಗಿ ಹೇಳ್ಬಿಡಿ" ಎಂದಿರಿ. ಕಿವಿ ಕೇಳುವ ನನ್ನ ತಂಗಿ ವೆರಾ ಅದನ್ನು ಸನ್ನೆಯಲ್ಲಿ ತಿಳಿಸಿದ ಕೂಡಲೇ ಕಿವುಡ ಪೋಷಕರಾದ ನಾವೆಲ್ಲ ಎದ್ದು ಕೈ ಎತ್ತಿದೆವು. ನೀವು ನಮ್ಮನ್ನೇ ನೋಡುತ್ತ, "ಒಂದು ದನಿನೂ ಕೇಳಿಸ್ಲಿಲ್ಲ, ಎಲ್ಲರೂ ಒಪ್ಪಿದ್ದಾರೆ" ಎಂದಿರಿ. ವೆರಾ ಬಾಯಿ ತೆರೆದರೆ, "ನೀನು ಸದಸ್ಯೆ ಅಲ್ಲಮ್ಮ, ಸುಮ್ನಿರು" ಎಂದಿರಿ.

ಶಾಸಕರಿಗೆ ಸಂಘದ ಬೆಂಬಲ ಪತ್ರ ಹೋಗುವ ಮುನ್ನ ಮತ್ತೆ ಸಭೆ ಕರೆದು ಕೈಗಳನ್ನು ಎಣಿಸಿ.

ಹಾಗೆಯೇ ಸಭೆಗೆ ನಾನು ತಂದಿದ್ದ ಸೇಬಿನ ಪೈ ತಟ್ಟೆಯನ್ನೂ ವಾಪಸ್ ಕಳಿಸಿ. ಅದನ್ನು ನಿಮಗೆ ನೀಡಿದಾಗ ನನ್ನ ಕೈ ನಿಮಗೆ ಚೆನ್ನಾಗಿಯೇ ಕಂಡಿತ್ತು.

ಇಂತು, ನಿಮ್ಮ ಸಂಘದ ಸದಸ್ಯೆ,
ಲೋರ್ನಾ ಪೆಟ್ರಿಕ್