ಅಪ್ಪ ತೋರಿಸದ ಜಾಗ

ಭಾನುವಾರ, ಮಧ್ಯಾಹ್ನ

ನನ್ನ ಚಿನ್ನು,

ನಾವು ಕ್ಷೇಮ. ನಿಮ್ಮಪ್ಪನ ಗಂಟಲು ಮಾತ್ರ ಕಟ್ಟಿದೆ. ಕಾರಣ ಹೇಳುತ್ತೇನೆ, ನಗಬೇಡ. ನಕ್ಕು ನಾನೇ ಬೈಸಿಕೊಂಡಿದ್ದೇನೆ.

ಕಡಲೊಳಗೆ ಗಾಳಿಯಿಂದ ಕರೆಂಟು ತೆಗೆಯುವ ಕಂಬ ನೆಡುತ್ತಾರೆಂದು ಸುದ್ದಿಯಾದಾಗಿನಿಂದ ನಿಮ್ಮಪ್ಪ ವಿರೋಧ ಸಮಿತಿಯ ಅಧ್ಯಕ್ಷರು. ಅದೇ ಹೊತ್ತಿಗೆ ನಿನ್ನ ಕೋಣೆಗೆ ಬಾಡಿಗೆಗೊಬ್ಬ ಹುಡುಗ ಬಂದ. ಹಕ್ಕಿ ಎಣಿಸುವ ಕೆಲಸ ಎಂದ. ಇವರಿಗೆ ತಮ್ಮ ಕಡೆಯವನೇ ಸಿಕ್ಕಷ್ಟು ಖುಷಿ. ಸಂಬಳ ಯಾರು ಕೊಡುತ್ತಾರೆಂದು ಇವರು ಕೇಳಲಿಲ್ಲ, ಅವನು ಹೇಳಲಿಲ್ಲ. ಒಗೆಯಲು ಹಾಕಿದ್ದ ಅಂಗಿಯ ಮೇಲೆ ಆ ಕಂಬದ ಕಂಪನಿಯ ಹೆಸರು ನೋಡಿದ್ದರೂ ನಾನು ಬಾಯಿ ಬಿಡಲಿಲ್ಲ. ಉಂಡ ತಟ್ಟೆ ತಾನೇ ತೊಳೆಯುವ ಬಾಡಿಗೆದಾರ ದಿನಾ ಸಿಗುತ್ತಾನೆಯೇ?

ತಿಂಗಳಿಡೀ ಅವನನ್ನು ದೋಣಿಯಲ್ಲಿ ಸುತ್ತಿಸಿದರು. ಕಡಲಹಕ್ಕಿಗಳು ಮುಳುಗಿ ಮೀನು ಹಿಡಿಯುವುದು, ಡಾಲ್ಫಿನ್‌ಗಳು ಮರಿ ಆಡಿಸುವುದು, ಆಮೆಗಳು ತೇಲುವುದು, ಎಲ್ಲ ತೋರಿಸಿದರು. ತಾವು ಬಲೆ ಹಾಕುವ ಜಾಗವೊಂದನ್ನು ಬಿಟ್ಟು. ನನ್ನ ತಮ್ಮನ ಕಣ್ಣು ಬೀಳದ ಹಾಗೆ ಇಷ್ಟು ವರ್ಷ ಬಚ್ಚಿಟ್ಟಿದ್ದನ್ನು ಬಾಡಿಗೆ ಹುಡುಗನಿಗೆ ತೋರಿಸುತ್ತಾರೆಯೇ?

ಹೋದ ವಾರ ಶಾಲೆಯಲ್ಲಿ ಸಭೆ. ಕಂಪನಿಯವರ ಸಾಲಿನಲ್ಲಿ ನಮ್ಮ ಹುಡುಗ! ನಿಮ್ಮಪ್ಪ ಇಂಗು ತಿಂದ ಮಂಗನ ಹಾಗಾದರು. ಅವರ ಮೇಡಂ ನಕ್ಷೆಗೆ ಕೋಲು ಚಾಚಿ, "ನಿಮ್ಮ ಅಧ್ಯಕ್ಷರ ಉಪಕಾರ. ಹಕ್ಕಿ, ಡಾಲ್ಫಿನ್, ಆಮೆ ಇರೋ ಕಡೆ ಎಲ್ಲಾ ಬಿಟ್ಟಿದ್ದೀವಿ. ಕಂಬಗಳನ್ನ ಈ ಖಾಲಿ ಜಾಗಕ್ಕೆ ತಂದಿದ್ದೀವಿ" ಎಂದರು. ಕೋಲು ನಿಂತಿದ್ದು ನಿಮ್ಮಪ್ಪನ ಜಾಗದ ಮೇಲೆ.

ಇವರು ಎದ್ದರು, ಕೂತರು, ಮತ್ತೆ ಎದ್ದರು. ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಹೇಳದಿದ್ದರೆ ಕಂಬ ಬರುತ್ತದೆ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಕೂಗಿಯೇಬಿಟ್ಟರು: "ಖಾಲಿಯಂತೆ ಖಾಲಿ! ಅಲ್ಲಿರೋಷ್ಟು ಮೀನು ಈ ಕಡಲಲ್ಲಿ ಇನ್ನೆಲ್ಲೂ ಇಲ್ಲ ಕಣ್ರೀ!"

ಇಡೀ ಸಭೆ ಇವರತ್ತ ತಿರುಗಿತು. ಹಿಂದಿನ ಬೆಂಚಿನಿಂದ ನನ್ನ ತಮ್ಮ ಮೆಲ್ಲಗೆ, "ಹೌದಾ ಭಾವ? ಸರಿಯಾಗಿ ಎಲ್ಲಿ ಅಂದ್ರಿ?" ಎಂದ.

ಮಾರನೆಯ ಬೆಳಗ್ಗೆ ಊರಿನ ದೋಣಿಗಳೆಲ್ಲ ಅಲ್ಲೇ. ರಾಶಿ ಬಿದ್ದ ಮೀನು ನೋಡಿ ಕಂಪನಿಯವರು ಮರುಸಮೀಕ್ಷೆಗೆ ಒಪ್ಪಿದರು. ಅಲ್ಲಿಯವರೆಗೆ ಒಂದು ಕಂಬವೂ ಇಲ್ಲ. ನಿಮ್ಮಪ್ಪ ಗೆದ್ದರೆಂದು ಊರೆಲ್ಲ ಹೊಗಳಿಕೆ. ಇವರಿಗೋ ತಮ್ಮ ಜಾಗದಲ್ಲೇ ಬಲೆ ಬಿಡಲು ಸಂದಿಯಿಲ್ಲ. ಪಕ್ಕದ ದೋಣಿಯವರನ್ನೆಲ್ಲ ಬೈದು ಬೈದು ಗಂಟಲು ಹೋಯಿತು.

ಹುಡುಗ ಕಣ್ಣು ತುಂಬಿಕೊಂಡು ಹೊರಟ. ಇವರೇ ಅವನ ಪೆಟ್ಟಿಗೆಯನ್ನು ಬಸ್ಸಿನವರೆಗೆ ಹೊತ್ತರು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ

ತಾ.ಕ.: ಹುಡುಗ ತನ್ನ ದುರ್ಬೀನನ್ನು ನನಗೆ ಕೊಟ್ಟುಹೋದ. ನಿಮ್ಮಪ್ಪ ಹೊಸ ಜಾಗ ಹುಡುಕಿಕೊಂಡಿದ್ದಾರೆ, ಎಲ್ಲೆಂದು ದೇವರಿಗೂ ಹೇಳುವುದಿಲ್ಲವಂತೆ. ನಮ್ಮ ಅಡುಗೆಮನೆ ಕಿಟಕಿಯಿಂದ ಚೆನ್ನಾಗಿ ಕಾಣುತ್ತದೆ. ನನ್ನ ತಮ್ಮನಿಗೆ ನಾನು ಹೇಳಿಲ್ಲ. ಇನ್ನೂ.